ಬರ್ತೇನಿ ಅಂದವರ ಜಾಗ

ಕಲ್ಲಿನಾಥನಿಗೆ ನಿದ್ದೆ ಮಾಡಲು ಹಾಸಿಗೆ ಬೇಕಿರಲಿಲ್ಲ, ಗೋಡೆ ಸಿಕ್ಕರೆ ಸಾಕಿತ್ತು. ನಮ್ಮ ಡಯಾಲಿಸಿಸ್ ಕೇಂದ್ರದ ಕಾರಿಡಾರಿನಲ್ಲಿ, ಔಷಧದ ಡಬ್ಬಿಗಳ ಪಕ್ಕ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ತಲೆ ಆನಿಸಿದನೆಂದರೆ ಮುಗಿಯಿತು, ಬಾಯಿ ತೆರೆದುಕೊಳ್ಳುತ್ತಿತ್ತು. "ಏಳಲೇ, ನೊಣ ಹೊಕ್ಕಾವು" ಎಂದು ನಾನೇ ಎಷ್ಟೋ ಸಲ ಎಬ್ಬಿಸಿದ್ದೇನೆ. ಕಣ್ಣು ಬಿಟ್ಟವನು ಆಡುವ ಮೊದಲ ಮಾತು ಯಾವಾಗಲೂ ಒಂದೇ: "ಏನ್ ಕೆಟ್ಟದರಿ ಅಕ್ಕಾ?" ಪಾಪ, ಏನಾದರೂ ಕೆಟ್ಟಿದ್ದಕ್ಕಲ್ಲದೆ ಅವನನ್ನು ಬೇರೆ ಯಾತಕ್ಕೂ ಯಾರೂ ಎಬ್ಬಿಸುತ್ತಿರಲಿಲ್ಲ.

ನಾನು ಸುಭದ್ರಾಬಾಯಿ, ಅಫಜಲಪುರದ ಕೇಂದ್ರದ ಹಿರಿಯ ನರ್ಸು. ನಮ್ಮ ಟ್ರಸ್ಟಿನವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಡಯಾಲಿಸಿಸ್ ಕೇಂದ್ರ ನಡೆಸುತ್ತಾರೆ. ಬೋರ್ಡು ನೋಡಿದರೆ 'ತಂತ್ರಜ್ಞಾನ ವಿಭಾಗ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ವಿಭಾಗ ಅಂದರೆ ಕಲ್ಲಿನಾಥ ಮತ್ತು ಅವನ ಮೋಟರ್ ಸೈಕಲ್ಲು. ಹತ್ತೂರು ಗುಡಿಗೆ ಒಬ್ಬನೇ ಪೂಜಾರಿ ಇದ್ದಂತೆ.

ಅವನು ಇಜೇರಿಯವನು. ಮೊದಲು ಜೇವರ್ಗಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಕ್ಲಾಸಿಗೆ ಬರುವವರು ಕಡಿಮೆಯಾಗಿ, ಬೆಂಚುಗಳನ್ನು ಮಾರಿ ನಮ್ಮಲ್ಲಿ ಸೇರಿಕೊಂಡ. ನಮ್ಮ ಜನರ ತಿಳುವಳಿಕೆಯಂತೆ ಕಂಪ್ಯೂಟರ್ ಕಲಿತವನಿಗೆ ಕರೆಂಟಿನ ಎಲ್ಲ ವಸ್ತುವೂ ನೆಂಟರು. ಪ್ರಿಂಟರ್ ಕೆಟ್ಟರೆ ಕಲ್ಲಿನಾಥ, ಇನ್ವರ್ಟರ್ ಕೂಗಿದರೆ ಕಲ್ಲಿನಾಥ, ಅಧ್ಯಕ್ಷರ ಮೊಮ್ಮಗ ಮೊಬೈಲಿನ ಪಾಸ್‌ವರ್ಡ್ ಮರೆತರೂ ಕಲ್ಲಿನಾಥ. ಹೆಂಡತಿ ಬಸವೇಶ್ವರಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಎಷ್ಟೋ ದಿನ ಹಾಗೇ ಮನೆಗೆ ವಾಪಸ್ಸು ಹೋಗುತ್ತಿತ್ತು. "ಊಟ ಮಾಡಲೇ" ಎಂದರೆ "ಹಸಿವಿಗೂ ಪುರಸೊತ್ತ ಬೇಕ್ರಿ ಅಕ್ಕಾ" ಅನ್ನುವನು. ನಗುತ್ತ ಹೇಳುತ್ತಿರಲಿಲ್ಲ ಅದನ್ನು.

ಒಂದು ಕಾಲಕ್ಕೆ ಸಂಜೆಯಾದರೆ ನಾನೂ ವ್ಯಾನಿನ ಡ್ರೈವರ್ ಏಜಾಜನೂ ಫೋನ್ ಹಿಡಿದು ಕೂರುತ್ತಿದ್ದೆವು. ಮರುದಿನದ ಸರದಿ ಇದ್ದವರಿಗೆಲ್ಲ "ನಾಳಿ ಬರ್ತೀರಿಲ್ರಿ?" ಎಂದು ಕೇಳುವುದು, ಬರಲಾಗದು ಅಂದವರ ಜಾಗವನ್ನು ಕಾಯುತ್ತ ಕೂತವರಿಗೆ ಕೊಡುವುದು, ಅವರ ಊರಿಗೆ ವ್ಯಾನು ಕಳಿಸುವುದು. ಇದರಲ್ಲಿ ಏನು ಕೊರತೆ ಕಂಡಿತೋ ನಮ್ಮ ಕಮಿಟಿಗೆ! ಯಾವುದೋ ಸಭೆಗೆ ಹೋಗಿ ಬಂದವರು, ಇನ್ನು ಮುಂದೆ ಕಂಪ್ಯೂಟರೇ ಫೋನ್ ಮಾಡುತ್ತದೆ, ಮಾತು ಕೇಳಿ ತಾನೇ ತಿಳಿದುಕೊಳ್ಳುತ್ತದೆ ಎಂದರು. ಮಾತು ಕೇಳಿಸಿಕೊಳ್ಳುವ ಸಾಫ್ಟ್‌ವೇರು ಹೊರಗಿನಿಂದ ಬಂತು, ಅದನ್ನು ನಮ್ಮ ಸರದಿಗೆ, ವ್ಯಾನಿಗೆ ಜೋಡಿಸುವ ಕೆಲಸ ಕಲ್ಲಿನಾಥನ ಕೊರಳಿಗೆ ಬಿತ್ತು. ಫೋನಿನೊಳಗಿನ ಒಂದು ಹೆಣ್ಣು ದನಿ "ತಾವು ನಾಳೆ ಚಿಕಿತ್ಸೆಗೆ ಬರುತ್ತೀರಾ?" ಎಂದು ವಾರ್ತೆ ಓದುವಂತೆ ಕೇಳುತ್ತಿತ್ತು. ಹೌದು ಅಂದರೂ, ಉತ್ತರ ತಿಳಿಯದಿದ್ದರೂ ಜಾಗ ಉಳಿಯುತ್ತಿತ್ತು. ಇಲ್ಲ ಅಂದರೆ ಕಾಯುವವರಿಗೆ ತಾನೇ ಫೋನ್ ಮಾಡುತ್ತಿತ್ತು, ಅವರಲ್ಲಿ ಉತ್ತರ ಸಿಗದವರನ್ನು ಬಿಟ್ಟು ಮುಂದಿನವರಿಗೆ ಹೋಗುತ್ತಿತ್ತು.

ಕೆಲ ತಿಂಗಳು ಚೆನ್ನಾಗಿಯೇ ನಡೆಯಿತು. ಮದುವೆ, ಬಸುರಿಯರ ಕುಬುಸದ ಹಂಗಾಮು ಶುರುವಾಯಿತು ನೋಡಿ, ಕಾಟವೂ ಶುರುವಾಯಿತು. ಬರುತ್ತೇವೆ ಎಂದು ಕಂಪ್ಯೂಟರಿನಲ್ಲಿ ದಾಖಲಾದವರೇ ಬರುತ್ತಿರಲಿಲ್ಲ. ಏಜಾಜ ವ್ಯಾನು ತೆಗೆದುಕೊಂಡು ಊರೂರು ಸುತ್ತಿ, ಬೀಗ ಹಾಕಿದ ಮನೆಗಳ ಮುಂದೆ ಹಾರ್ನು ಹೊಡೆದು, ಖಾಲಿ ಸೀಟು ಹೊತ್ತು ಬರುವನು. "ಗುರಣ್ಣ ಮುತ್ಯಾ ಮಗಳ ಕುಬುಸಕ್ಕ ಹೋಗ್ಯಾನಂತ್ರಿ. ನಿಮ್ಮ ಕಂಪ್ಯೂಟರಿಗೆ ಯಾರ ಹೇಳಿದ್ರು ಅಂವ ಬರ್ತಾನಂತ?" ಎಂದು ನನ್ನ ಮೇಲೆ ಹಾರಾಡುವನು. ವ್ಯಾನು ತಿರುಗಿ ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತಿತ್ತು. ಆಮೇಲೆ ಯಾರನ್ನು ಕರೆಸಿ ಯಾವಾಗ ಮಷಿನ್ನಿಗೆ ಹಚ್ಚುವುದು? ಹಾಸಿಗೆ ಖಾಲಿಯೇ ಉಳಿಯುತ್ತಿತ್ತು.

ಖಾಲಿ ಹಾಸಿಗೆ ನೋಡಿದಾಗೆಲ್ಲ ನಾನು ಕಾಯುವವರ ಪಟ್ಟಿ ತೆಗೆದು ಬೆರಳಿಡುತ್ತಿದ್ದದ್ದು ಕರಜಗಿಯ ಅಂಬುಬಾಯಿಯ ಹೆಸರಿನ ಮೇಲೆ. ಹೊಸದಾಗಿ ಸೇರಿದವಳು, ಕಾಯಂ ಜಾಗ ಇನ್ನೂ ಸಿಕ್ಕಿರಲಿಲ್ಲ, ಯಾರಾದರೂ ತಪ್ಪಿಸಿಕೊಂಡರೆ ಮಾತ್ರ ಅವಳ ಪಾಳಿ. ಕಬ್ಬಿನ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದ ಗಟ್ಟಿ ಹೆಂಗಸು. ಕಾಲು ಹೇಗೆ ಬಾತುಕೊಂಡಿದ್ದವೆಂದರೆ ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಸಿಕ್ಕರೆ ಸಿಗಲಿ, ಬಂದು ಬಾಗಿಲಲ್ಲಿ ಕೂತಿರು ಎಂದು ನಾನೇ ಹೇಳಿದ್ದೆ. ಮಗಳು ರಮಾಬಾಯಿಯ ಹೆಗಲು ಹಿಡಿದು ಬಂದಳು ಒಂದೆರಡು ಸಲ. ದರಿದ್ರ ನೋಡಿ, ಅವಳು ಬಂದ ದಿನವೇ ಎಲ್ಲ ಹಾಸಿಗೆ ತುಂಬಿದ್ದವು. ಆಮೇಲೆ ಬಸ್ಸು ಹತ್ತುವ ಕಸುವೇ ಉಳಿಯಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಮಷಿನ್ನು ಖಾಲಿ ಇತ್ತು, ಕಂಪ್ಯೂಟರು ಕೊಡುತ್ತಿರಲಿಲ್ಲ.

"ಲೇ ಕಲ್ಲಿನಾಥ, ಇನ್ನೊಂದ್ ವಾರ ಹಿಂಗಾದ್ರ ಆಕಿ ಉಳಿಯಂಗಿಲ್ಲ" ಎಂದೆ.

"ನೋಡಾಕತ್ತೇನಿರಿ ಅಕ್ಕಾ. ಮುನಶಿಗೂ ಹೇಳೇನಿ."

ಮುನಶಿ ಅಂದರೆ ಅವನ ಲ್ಯಾಪ್‌ಟಾಪಿನೊಳಗಿದ್ದ ಎಐ ಸಹಾಯಕ. ಸಾಫ್ಟ್‌ವೇರಿನ ಕೋಡು ಓದಿ, ಎಲ್ಲಿ ತಪ್ಪಿದೆ ಎಂದು ಹುಡುಕಿ, ತಿದ್ದಿ ಕೊಡುವಂಥದ್ದು. ನಿಜಾಮರ ಕಾಲದ ಕಚೇರಿಯಲ್ಲಿ ಕೂತ ಗುಮಾಸ್ತನಂತೆ ಏನು ಕೇಳಿದರೂ ಬೇಸರಿಸದೆ ಬರೆದುಕೊಡುತ್ತದೆ ಎಂದು ಅವನೇ ಇಟ್ಟ ಹೆಸರು. ಅದಕ್ಕೂ 'ರಿ' ಹಚ್ಚಿ ಮಾತಾಡಿಸುತ್ತಿದ್ದ. "ಜರಾ ನೋಡ್ರಿ ಮುನಶಿ, ಇಂವ ಬರಂಗಿಲ್ಲ ಅಂದ್ರೂ ಬರ್ತಾನಂತ ಯಾಕ ಬಿದ್ದದ" ಎಂದು ಟೈಪು ಮಾಡುತ್ತ ತನ್ನಷ್ಟಕ್ಕೇ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಆ ಕಾರಿಡಾರಿನಲ್ಲಿ ಅವನಿಗೆ ಸಿಟ್ಟಿಲ್ಲದೆ ಉತ್ತರ ಕೊಡುತ್ತಿದ್ದದ್ದು ಅದೊಂದೇ ಅನ್ನಿ.

ಮುನಶಿ ಮೊದಲ ದಿನ "ಮೂಲ ಕಾರಣ ಸಿಕ್ಕಿದೆ" ಎಂದು ಬರೆಯಿತು. ಫೋನ್ ನಡುವೆ ಕಡಿದುಹೋದರೆ ಹಳೆಯ ಉತ್ತರವೇ ಉಳಿಯುತ್ತಿತ್ತಂತೆ. ತಿದ್ದಿದರು. ಎರಡು ದಿನ ಬಿಟ್ಟು ಮತ್ತೆ ಹಾಸಿಗೆ ಖಾಲಿ. ಆಮೇಲೆ ಇನ್ನೊಂದು ಮೂಲ ಕಾರಣ ಸಿಕ್ಕಿತು: ಆಳಂದದ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿತ್ತು. ಅದನ್ನೂ ತಿದ್ದಿದರು. "ಎಷ್ಟ್ ಮೂಲ ಅದಾವಲೇ ಇದಕ್ಕ? ಆಲದ ಮರ ಅದನೇನು?" ಎಂದು ರೇಗಿದೆ. ಅವೂ ಖರೆ ತಪ್ಪುಗಳೇ ಆಗಿದ್ದವು ಎನ್ನಿ, ಆದರೆ ನಮ್ಮ ತಪ್ಪು ಅವಲ್ಲ. ಕಲ್ಲಿನಾಥ ತನ್ನ ಫೋನಿಗೇ ಕರೆ ಮಾಡಿಸಿಕೊಂಡು, "ನಾಳಿ ಆಗಂಗಿಲ್ಲರಿ, ಇಡ್ತೇನಿ" ಎಂದು ಹೇಳಿ ನೋಡುವನು. ಪ್ರತಿ ಸಲ ಸರಿಯಾಗಿ 'ಇಲ್ಲ' ಎಂದೇ ಬೀಳುತ್ತಿತ್ತು. ಅವನು ಹೇಳಿದರೆ ಸರಿ, ಗುರಣ್ಣ ಹೇಳಿದರೆ ತಪ್ಪು. ತಲೆ ಕೆಡದೆ ಇರುತ್ತದೆಯೇ?

ಕೊನೆಗೆ ಒಂದು ಮಧ್ಯಾಹ್ನ ಮುನಶಿ ಬೇರೆ ಮಾತು ಬರೆಯಿತು. ಕಲ್ಲಿನಾಥ ನನಗೂ ಓದಿ ಹೇಳಿದ. "ಕೋಡಿನಲ್ಲಿ ನನಗೆ ಇನ್ನು ದೋಷ ಕಾಣುತ್ತಿಲ್ಲ. ನನ್ನ ಮುಂದಿರುವುದು 'ಹೌದು' ಎಂಬ ತೀರ್ಮಾನ ಮಾತ್ರ, ಅವರು ಏನು ಮಾತಾಡಿದರು ಎಂಬುದು ಇಲ್ಲ. ಧ್ವನಿಮುದ್ರಣ ಇದ್ದರೆ ಒಬ್ಬರದಾದರೂ ಕೇಳಿ ನೋಡಿ." ಇಷ್ಟು ಬುದ್ಧಿ ನಮಗ್ಯಾಕೆ ಮೊದಲೇ ಬರಲಿಲ್ಲವೋ.

ಧ್ವನಿಮುದ್ರಣ ತರಿಸಿ ಹಚ್ಚಿದ. ನಾನು, ಏಜಾಜ ಇಬ್ಬರೂ ಬಗ್ಗಿ ನಿಂತೆವು. ತೊಗರಿ ದಲ್ಲಾಳಿ ಗುರಣ್ಣನ ದನಿ ಬಜಾರಿನಲ್ಲಿ ಕೇಳುವಂತೆಯೇ ಕೇಳಿತು: "ನಾಳಿ ಆಗಂಗಿಲ್ಲ ನೋಡಬೇ ತಂಗಿ, ಮಗಳ ಕುಬುಸ ಅದ, ಎಲ್ಲಾರೂ ಹೊಂಟೇವಿ. ಹಾಂ, ಆಯ್ತು, ಬರ್ತೇನಿ." ಆಮೇಲೆ ಜರಾ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ ಸದ್ದು.

"ಬರೋಬರ್ ಹೇಳ್ಯಾನಲ್ಲ, ಆಗಂಗಿಲ್ಲಂತ!" ಎಂದ ಏಜಾಜ.

ನಾವು ಮೂವರೂ ಕೇಳಿದೆವು, ಮೂವರಿಗೂ ಏನೂ ಹೊಳೆಯಲಿಲ್ಲ. ಇನ್ನೊಮ್ಮೆ ಹಚ್ಚಿದ, ಆಗಲೂ ಇಲ್ಲ. ಆಗ ಕಲ್ಲಿನಾಥ, ಮಾತು ಕೇಳುವ ಸಾಫ್ಟ್‌ವೇರು ಯಾವ ಮಾತಿಗೆ ಯಾವ ಅರ್ಥ ಹಿಡಿದಿದೆ ಎಂದು ಬಿಡಿಸಿ ತೋರಿಸಿರಿ ಎಂದು ಮುನಶಿಗೆ ಹೇಳಿದ. ಪರದೆಯ ಮೇಲೆ ಬಂತು. 'ಆಗಂಗಿಲ್ಲ' ಅಂದರೆ ಇಲ್ಲ. 'ಬರ್ತೇನಿ' ಅಂದರೆ ಹೌದು. ಜನ ಮೊದಲು ಒಲ್ಲೆ ಅಂದು ಆಮೇಲೆ ಮನಸ್ಸು ಬದಲಿಸುತ್ತಾರೆ, ಅದಕ್ಕೆ ಕೊನೆಯ ಮಾತನ್ನೇ ಹಿಡಿಯಬೇಕು ಎಂಬ ನಿಯಮವಿತ್ತು. ಆದ್ದರಿಂದ ಗುರಣ್ಣ ಬರುತ್ತಾನೆ.

ಕಲ್ಲಿನಾಥ ಪರದೆಯಲ್ಲಿದ್ದ 'ಬರ್ತೇನಿ'ಯ ಮೇಲೆ ಬೆರಳಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಯಾರ ಮನಿಯಿಂದರ ಎದ್ದ ಹೊಂಟಾಗ ಏನಂತೀರಿ?" ಎಂದ.

"ಬರ್ತೇನಿ ಅಂತೇನಿ. ಮತ್ತೇನನ್ಲಿ?"

"ಅದ ನೋಡ್ರಿ."

ಏಜಾಜ ಹಣೆ ಹಣೆ ಬಡಿದುಕೊಂಡು ನಕ್ಕ. "ಯಾ ಅಲ್ಲಾ! ನಮ್ಮ ಮನ್ಯಾಗೂ ಹಂಗ ಅದರಿ. ಜಾತೂಂ, ಹೋಗ್ತೇನಿ ಅಂದ್ರ ನಮ್ಮವ್ವ ಚಪ್ಪಲಿ ತಗೋತಿದ್ಲು. ಆತೂಂ, ಬರ್ತೇನಿ ಅನ್ನಬೇಕು."

ಫೋನಿನಲ್ಲಿ 'ಇಡ್ತೇನಿ' ಅನ್ನುವವರು ಕಲ್ಲಿನಾಥನ ವಯಸ್ಸಿನವರು. ಹಿರಿಯರಿಗೆ ಫೋನೂ ಒಂದು ಮನೆಯ ಹೊಸ್ತಿಲೇ. ಯಾರೋ ಹೆಣ್ಣುಮಗಳು ಇಷ್ಟು ಮರ್ಯಾದೆಯಿಂದ ಮಾತಾಡಿಸಿದ ಮೇಲೆ 'ಬರ್ತೇನಿ' ಅನ್ನದೆ ಇಟ್ಟುಬಿಡುವುದೇ? ಆ ಹೆಣ್ಣೋ, ಬರ್ತೇನಿ ಅಂದವರಿಗೆ 'ಹೂಂ, ಹೋಗಿ ಬರ್ರಿ' ಎಂದು ಕೂಡ ಅನ್ನುವವಳಲ್ಲ. ಅದಕ್ಕಾಗಿಯೇ ಗುರಣ್ಣ ಆ ಜರಾ ಹೊತ್ತು ಫೋನ್ ಹಿಡಿದು ಕಾದದ್ದು.

ನಕ್ಕೆವು ನಿಜ. ಎಷ್ಟೋ ದಿನದ ಮೇಲೆ ಕಲ್ಲಿನಾಥ ಹಲ್ಲು ತೋರಿಸಿದ್ದನ್ನು ನೋಡಿದೆ. ಆಮೇಲೆ ತಿದ್ದುವ ಕೆಲಸ ಬಂತು. ಮುನಶಿ ಒಂದೆರಡು ದಾರಿ ಕೊಟ್ಟಿತು. ಕರೆ ಮುಗಿಸುವಾಗ 'ಹೋಗುತ್ತೇನೆ' ಎಂದು ಹೇಳುವಂತೆ ರೋಗಿಗಳಿಗೆ ತಿಳಿಸಬಹುದು ಎಂಬುದು ಒಂದು. ಅದನ್ನು ಕೇಳಿ ನನ್ನ ಪಿತ್ತ ನೆತ್ತಿಗೇರಿತು. "ನಿನ್ನ ಮುನಶಿಗೆ ಹೇಳು, ದವಾಖಾನಿಗಿ ಬರೋ ಮಂದಿ ಬಾಯಾಗ ಹೋಗ್ತೇನಿ ಅನಸ್ತಾನಂತ? ರಕ್ತ ತೊಳಸ್ಕೊಂಡ ಜೀವಾ ಹಿಡಕೊಂಡ ಕೂತವರು ಅವ್ರು. ಹೋಗ್ತೇನಿ ಅಂದಾಂವ ಹೊಳ್ಳಿ ಬರ್ತಾನೇನು?" ಕಲ್ಲಿನಾಥ ಅದನ್ನೇ ಟೈಪು ಮಾಡಿದ. ಮುನಶಿ ಕ್ಷಮೆ ಕೇಳಿ ಆ ದಾರಿ ಬಿಟ್ಟಿತು.

ಇನ್ನೊಂದು ದಾರಿ ಸುಲಭದ್ದು. ಕೊನೆಗೆ ಬರುವ 'ಬರ್ತೇನಿ'ಯನ್ನು ಲೆಕ್ಕಕ್ಕೇ ಹಿಡಿಯದೆ, ಅದರ ಹಿಂದಿನ ಮಾತನ್ನು ಹಿಡಿಯುವುದು. ಅದರ ಕೆಳಗೆ ಮುನಶಿ ಒಂದು ಎಚ್ಚರಿಕೆಯನ್ನೂ ಬರೆದಿತ್ತು: ನಿಜವಾಗಿ ಬರುವವರೂ ಇದೇ ಮಾತು ಆಡಬಹುದು, ಹಾಕುವ ಮೊದಲು ಹಳೆಯ ಕರೆಗಳ ಮೇಲೆ ಪರೀಕ್ಷೆ ಮಾಡಿ ನೋಡಿ. ಕಲ್ಲಿನಾಥ ಅದನ್ನು ಓದಿದ. ಗಟ್ಟಿಯಾಗಿಯೇ ಓದಿದ. ಅಷ್ಟರಲ್ಲಿ ಆಳಂದದಿಂದ ಫೋನು, ಪ್ರಿಂಟರ್ ಕೆಟ್ಟಿದೆ, ಅಧ್ಯಕ್ಷರು ಕಾಯುತ್ತ ಕೂತಿದ್ದಾರೆ, ಈಗಿಂದೀಗ ಬಾ ಎಂದು.

"ಇವತ್ತ ಇಷ್ಟ ಹಾಕ್ತೇನ್ರಿ ಅಕ್ಕಾ. ಪರೀಕ್ಷಾ ನಾಳಿ ಮಾಡ್ತೇನಿ. ಭಾಳ ಹೈರಾಣಾಗೇನಿ" ಎಂದ. ಚೀಲದ ಜಿಪ್ಪು ಎಂದೋ ಕಿತ್ತಿತ್ತು, ಅದನ್ನು ಎದೆಗೆ ಅವಚಿಕೊಂಡು ಮೋಟರ್ ಸೈಕಲ್ಲು ಹತ್ತಿದ. ಮೈಯಲ್ಲಿ ಜೀವವಿಲ್ಲದವನ ಹಾಗೆ ಕಾಣುತ್ತಿದ್ದ.

ಆ ಸಂಜೆ ಸಾಫ್ಟ್‌ವೇರು ಗುರಣ್ಣನ ಮಾತನ್ನು ಸರಿಯಾಗಿ ತಿಳಿದುಕೊಂಡಿತು. ಕುಬುಸ ಮುಗಿದು ಈಗ ಯಾವುದೋ ಮದುವೆ ಎಂದು ಮುದುಕ ಮರುದಿನವೂ ಬರಲಾಗದು ಎಂದಿದ್ದ. ಅವನ ಜಾಗ ಖಾಲಿಯಾಯಿತು, ಅಂಬುಬಾಯಿಗೆ ಫೋನ್ ಹೋಯಿತು. ನಾನು ಪರದೆಯಲ್ಲಿ ಅವಳ ಹೆಸರು ಕಂಡು, ಅಂತೂ ಸಿಕ್ಕಿತಲ್ಲ ಯವ್ವಾ ನಿನ್ನ ಪಾಳಿ ಎಂದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಅವಳ ಹೆಸರಿನ ಮುಂದೆ 'ಉತ್ತರವಿಲ್ಲ' ಎಂದಿತ್ತು. ಪಟ್ಟಿಯಲ್ಲಿ ಅವಳ ನಂತರದವರಿಗೆ ಫೋನ್ ಹೋಗಿ, ಬೇರೆ ಯಾರೋ ಬಂದು ಮಲಗಿದ್ದರು. ಏಜಾಜ ಕರಜಗಿಯ ಕಡೆ ಹೋಗಿರಲೇ ಇಲ್ಲ. ಫೋನ್ ಚಾರ್ಜಿಗೆ ಹಾಕಿರಲಿಕ್ಕಿಲ್ಲ ಎಂದುಕೊಂಡು ನಾನು ಕೆಲಸಕ್ಕೆ ಇಳಿದೆ. ಮಧ್ಯಾಹ್ನದ ಹೊತ್ತಿಗೆ ರಮಾಬಾಯಿಯ ಕರೆ ಬಂತು. ಯಾವುದೋ ಗಾಡಿಯ ಸದ್ದು, ಅವಳ ಬಿಕ್ಕು, ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ಗಾಡಿ ಯಾಕ ಬರಲಿಲ್ರಿ ಅಕ್ಕಾ? ಮುಂಜಾನಿಂದ ಬಸ್‌ಸ್ಟ್ಯಾಂಡಿನ್ಯಾಗ ಕೂತಿದ್ದಿವಿ. ಈಗ ಬರ್ತದ, ಈಗ ಬರ್ತದಂತ ಅವ್ವ ಏಳಲೇ ಇಲ್ಲ. ದಮ್ಮ ಹತ್ತಿ ಬಿದ್ಲು. ಮಂದಿ ಎತ್ತಿ ಗಾಡ್ಯಾಗ ಹಾಕ್ಯಾರ, ಕಲಬುರಗಿಗಿ ಹೊಂಟೇವಿ. ಅವ್ವ ಬರ್ತೇನಿ ಅಂದಿದ್ಲಲ್ರಿ!"

ಕಲ್ಲಿನಾಥ ಬಂದ ಕೂಡಲೇ ಆ ಕರೆಯ ಧ್ವನಿಮುದ್ರಣ ಹಚ್ಚಿದ. "ತಮಗೆ ನಾಳೆ ಜಾಗ ದೊರೆತಿದೆ. ಬರುತ್ತೀರಾ?" ಎಂದು ಆ ಹೆಣ್ಣು ಕೇಳಿತು. ಅಂಬುಬಾಯಿ ಉಸಿರು ಎಳೆದುಕೊಳ್ಳುತ್ತ, ಆದರೂ ಹಿಗ್ಗಿನಿಂದ, "ಬರ್ತೇನಿ ಯವ್ವಾ, ಬರ್ತೇನಿ" ಎಂದಳು. ಅಷ್ಟೇ. ಕೊನೆಯ ಎರಡೂ ಬರ್ತೇನಿಯನ್ನು ಸಾಫ್ಟ್‌ವೇರು ಲೆಕ್ಕದಿಂದ ಬಿಟ್ಟಿತ್ತು, ಅದರ ಹಿಂದೆ ಬೇರೆ ಮಾತಿರಲಿಲ್ಲ, ಅದಕ್ಕೇ 'ಉತ್ತರವಿಲ್ಲ'. ಎಲ್ಲರ ಬರ್ತೇನಿಯೂ ಸುಳ್ಳಾಗಿದ್ದಾಗ ಖರೆ ಅಂದವು, ಒಬ್ಬಳು ಖರೆ ಬರ್ತೇನಿ ಅಂದಾಗ ಹೋಗು ಅಂದವು ನಮ್ಮ ಯಂತ್ರಗಳು.

ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಮುಖ ನೋಡಿದೆ, ಬೈಯಲಾಗಲಿಲ್ಲ. ಗೋಡೆಗೆ ಆನಿಸಿ ಕೂತಿದ್ದ, ಕಣ್ಣು ತೆರೆದೇ ಇದ್ದವು. "ಮುನಶಿ ಹೇಳಿತ್ತರಿ ಅಕ್ಕಾ. ಪರೀಕ್ಷಾ ಮಾಡು ಅಂದಿತ್ತು. ನಂಗ ಸಾಕಾಗಿತ್ತು" ಎಂದ. ಅವನಂಥ ಇನ್ನಿಬ್ಬರನ್ನು ಇಟ್ಟಿದ್ದರೆ ಈ ಕಮಿಟಿಯವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು, ಬಂದು ಯಾರ ಮೇಲೂ ಹೋಗದೆ ಅಲ್ಲೇ ಉಳಿಯಿತು.

ಆ ದಿನವೇ ಅವನು ಹಾಕಿದ್ದನ್ನು ತೆಗೆದ. ಎರಡು ದಿನ ಯಾರು ಕರೆದರೂ ಹೋಗಲಿಲ್ಲ. ಆಳಂದದವರು ಫೋನ್ ಮಾಡಿದರೆ ನಾನೇ ಎತ್ತಿ, ಸತ್ತಾನಂತ ತಿಳ್ಕೋರಿ ಎಂದು ಇಟ್ಟೆ. ಹೊಸ ದಾರಿ ಅವನಿಗೆ ಹೊಳೆದದ್ದು ಬಸ್ಸಿನಲ್ಲಂತೆ. ಮೋಟರ್ ಸೈಕಲ್ಲಿನಲ್ಲಿ ನಿದ್ದೆ ಬಂದೀತೆಂದು ಬಸವೇಶ್ವರಿ ಬಸ್ಸಿಗೆ ಕಳಿಸಿದ್ದಳು. ಕಿಟಕಿಯಿಂದ ಟವೆಲ್ಲು ಒಳಗೆ ಒಗೆದು ಒಬ್ಬ, "ಜಾಗಾ ಹಿಡೀಲೋ ಬಿಡ್ಲೋ?" ಎಂದು ಕೆಳಗಿದ್ದ ಹೆಂಡತಿಯನ್ನು ಕೇಳುತ್ತಿದ್ದನಂತೆ. ಬರ್ತೀರಾ ಎಂದು ಕೇಳಿದರೆ ತಾನೇ ಬರ್ತೇನಿಯ ತಕರಾರು? ಹಿಡಿ, ಬಿಡು, ಈ ಎರಡು ಮಾತನ್ನು ಯಾರೂ ಹೋಗುವಾಗ ಅನ್ನುವುದಿಲ್ಲ. ಮುನಶಿ ಅದನ್ನು ಬರೆದುಕೊಟ್ಟಿತು. ಈ ಸಲ ಕಲ್ಲಿನಾಥ ಹಳೆಯ ರೋಗಿಗಳನ್ನೆಲ್ಲ ಕೂರಿಸಿ, ಅವರ ಬಾಯಿಂದಲೇ ಹೇಳಿಸಿ, ಪರೀಕ್ಷೆ ಮಾಡಿದ ಮೇಲೇ ಹಾಕಿದ.

ಆ ವಾರ್ತೆಯ ಹೆಣ್ಣನ್ನೂ ತೆಗೆಸಿದ. "ನೀವ ಮಾತಾಡ್ರಿ ಅಕ್ಕಾ, ಮಂದಿಗಿ ನಿಮ್ಮ ದನಿ ಗೊತ್ತದ" ಎಂದು ನನ್ನನ್ನು ಔಷಧದ ಕೋಣೆಯಲ್ಲಿ ಕೂರಿಸಿ, ಫ್ಯಾನು ಆರಿಸಿ, ಬೆವರು ಇಳಿಸಿ ಹೇಳಿಸಿದ: "ನಾನ್ರಿ, ಅಫಜಲಪುರ ದವಾಖಾನಿ ಸುಭದ್ರಾಬಾಯಿ. ನಾಳಿ ನಿಮ್ಮ ಜಾಗಾ ಹಿಡೀಲೋ, ಬಿಡ್ಲೋ?" ಇನ್ನೊಂದು ಮಾತೂ ಬೇಕೆಂದ. ಯಾರಾದರೂ ಬರ್ತೇನಿ ಅಂದರೆ ಅದಕ್ಕೆ ಉತ್ತರ. ಅದನ್ನು ನಗುನಗುತ್ತ ಹೇಳ್ರಿ ಎಂದ. ಹೇಳಿದೆ: "ಹೂಂ, ಹೋಗಿ ಬರ್ರಿ!"

ಆಮೇಲೆ ಏಜಾಜನ ವ್ಯಾನು ಖಾಲಿ ಬರಲಿಲ್ಲ. ಕಲಬುರಗಿಯ ಸುದ್ದಿಯೂ ಒಳ್ಳೆಯದೇ ಇತ್ತು. ಅಂಬುಬಾಯಿಯನ್ನು ಅಲ್ಲಿ ಮಷಿನ್ನಿಗೆ ಹಚ್ಚಿದ್ದಾರೆ, ದಮ್ಮು ಇಳಿದಿದೆ ಎಂದು ಏಜಾಜ ಯಾರಿಂದಲೋ ಕೇಳಿಕೊಂಡು ಬಂದಿದ್ದ. ಅಷ್ಟರಲ್ಲಿ ನಮ್ಮ ರೋಗಿಯೊಬ್ಬರು ಮಗನ ಊರಿಗೆ ಹೋಗಿ ಒಂದು ಜಾಗ ಕಾಯಂ ಖಾಲಿಯಾಯಿತು. ನಾನು ಯಾರನ್ನೂ ಕೇಳದೆ ಅಂಬುಬಾಯಿಯ ಹೆಸರು ಬರೆಸಿದೆ. ಕಿಟಕಿಯ ಹತ್ತಿರದ ಹಾಸಿಗೆ ಅದು, ಗಾಳಿ ಚೆನ್ನಾಗಿ ಬರುತ್ತದೆ. ಕಲ್ಲಿನಾಥ ತಾನೇ ಹೆಸರು ಟೈಪು ಮಾಡಿ, ಅಂದು ರೊಟ್ಟಿಯ ಗಂಟು ಬಿಚ್ಚಿ ಉಂಡ.

ಮರುದಿನ ಬೆಳಿಗ್ಗೆ ನಾನು ಬಂದಾಗ ಅವನು ಲ್ಯಾಪ್‌ಟಾಪಿನ ಮುಂದೆ ನಿಂತೇ ಇದ್ದ. ನನ್ನನ್ನು ಕಂಡವನೇ ಧ್ವನಿಮುದ್ರಣ ಹಚ್ಚಿದ.

ನನ್ನ ದನಿ ಕೇಳಿತು. "ನಾಳಿ ನಿಮ್ಮ ಜಾಗಾ ಹಿಡೀಲೋ, ಬಿಡ್ಲೋ?"

 ಫೋನ್ ಎತ್ತಿದ ರಮಾಬಾಯಿ, "ಬಿಡ್ರಿ ಅಕ್ಕಾ. ನಿನ್ನಿ ಮಣ್ಣ ಮಾಡಿ ಬಂದಿವಿ. ಆ ಜಾಗಾ ಯಾರಿಗರ ಕೊಡ್ರಿ" ಎಂದಳು. ಇಡುವ ಮೊದಲು, "ಬರ್ತೇನ್ರಿ" ಎಂದಳು.

"ಹೂಂ, ಹೋಗಿ ಬರ್ರಿ!" ಎಂದಿತು ನನ್ನ ದನಿ, ನಗುನಗುತ್ತ.

ಪರದೆಯ ಮೇಲೆ ಅಂಬುಬಾಯಿಯ ಹೆಸರಿನ ಮುಂದೆ 'ಬಿಟ್ಟಿದ್ದಾರೆ' ಎಂದು ಬಿದ್ದಿತ್ತು. ಈ ಸಲ ಸಾಫ್ಟ್‌ವೇರು ಒಂದು ಮಾತನ್ನೂ ತಪ್ಪು ತಿಳಿದಿರಲಿಲ್ಲ.